ಚಿಲಕ ಹಾಕಿದ ಹೆಂಗಸು

ಆಸ್ಪತ್ರೆಯ ವಸತಿಗೃಹ
ಜೂನ್ 4, 1977

ಪ್ರೀತಿಯ ಮಾವನಿಗೆ,

ಮೊದಲು ಸುದ್ದಿ ಹೇಳುತ್ತೇನೆ, ಜಗಳ ಆಮೇಲೆ.

ನಿನ್ನೆ ಕೆಲಸ ಮುಗಿಸಿ, ಕೈಗೆ ಹತ್ತಿದ ಎಕ್ಸ್‌ರೇ ಮದ್ದಿನ ವಾಸನೆಯನ್ನೂ ತೊಳೆಯದೆ ನೇರವಾಗಿ ಚಿತ್ರಭಂಡಾರಕ್ಕೆ ಹೋದೆ. ನೀವು ಕೇಳಿದ್ದು ನಿಜ. ನಲವತ್ತರ ದಶಕದ ಚಿತ್ರಗಳೆಲ್ಲ ಹಳೆಯ ಜಾತಿಯ ಫಿಲ್ಮಿನಲ್ಲಿವೆ, ಸೆಖೆ ಹೆಚ್ಚಾದರೆ ತಾನಾಗಿಯೇ ಹೊತ್ತಿಕೊಳ್ಳುವಂಥದ್ದು. ಅಗ್ನಿಶಾಮಕದವರು ಬಂದು ನೋಡಿ, ಮಳೆಗಾಲ ಮುಗಿಯುವುದರೊಳಗೆ ಅಷ್ಟೂ ಡಬ್ಬಿಗಳನ್ನು ಊರಾಚೆ ಸುಟ್ಟುಬಿಡಿ ಎಂದು ಬರೆದುಕೊಟ್ಟು ಹೋಗಿದ್ದಾರೆ. ಭಂಡಾರದಲ್ಲಿರುವ ಹೊಸ ಫಿಲ್ಮು ಹತ್ತೇ ಚಿತ್ರಗಳ ನಕಲಿಗೆ ಸಾಲುತ್ತದಂತೆ. ಯಾವ ಹತ್ತು ಉಳಿಯಬೇಕು ಎಂದು ನಮ್ಮ ಶನಿವಾರದ ಬಳಗವೇ ಹೇಳಬೇಕಂತೆ. "ಆ ಕಾಲದ ಚಿತ್ರ ಎಲ್ಲಾನೂ ನೋಡಿ, ಇನ್ನೂ ಉಸಿರಾಡ್ತಾ ಇರೋರು ಅಂದ್ರೆ ನಿಮ್ಮ ಮಾವನ ಗುಂಪೊಂದೇ ಕಣಮ್ಮ" ಎಂದರು ಭಂಡಾರದ ಯಜಮಾನರು. ನಿಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಷ್ಟು ವರ್ಷ ಯಾವ ಚಿತ್ರ ಮೇಲು, ಯಾವುದು ಕೀಳು ಎಂದು ನೀವೆಲ್ಲ ಗಂಟಲು ಹರಿದುಕೊಂಡಿದ್ದಕ್ಕೆ ಕೊನೆಗೂ ಒಂದು ಬೆಲೆ ಬಂತು. ಅತ್ತೆಗೆ ಹೇಳಿ, ಅವರು ಹಾಕಿಕೊಟ್ಟ ಕಾಫಿ ದಂಡವಾಗಲಿಲ್ಲ ಅಂತ.

ಈಗ ಜಗಳ. ನಾನು ಬಳಗದ ಓಡಾಟದವಳು, ಚಿತ್ರ ನೋಡಿದವಳಲ್ಲ, ನನಗೆ ಮತವಿಲ್ಲ, ಒಪ್ಪಿದೆ. ಆದರೆ "ಅರ್ಧ ಸಂಬಳ" ಹತ್ತರೊಳಗೆ ಬರಬೇಕು ಮಾವ. ಅಮ್ಮ ಗುಂಪಿನ ದೃಶ್ಯದಲ್ಲಿ ನಿಂತದ್ದು ಅದೊಂದೇ ಚಿತ್ರದಲ್ಲಿ. ಅವಳು ಸತ್ತಾಗ ನನಗೆ ಎರಡು ವರ್ಷ. ನನ್ನ ಹತ್ತಿರ ಇರುವುದು ಅವಳ ಒಂದೇ ಒಂದು ಫೋಟೋ, ಅದರಲ್ಲೂ ಕಲ್ಲಿನ ಹಾಗೆ ಕೂತಿದ್ದಾಳೆ. ಅವಳು ಹೇಗೆ ನಡೆಯುತ್ತಿದ್ದಳು, ಹೇಗೆ ತಿರುಗಿ ನೋಡುತ್ತಿದ್ದಳು ಎಂಬುದು ಈ ಪ್ರಪಂಚದಲ್ಲಿ ಆ ಡಬ್ಬಿಯೊಳಗೆ ಬಿಟ್ಟು ಬೇರೆ ಎಲ್ಲೂ ಇಲ್ಲ. ಒಂದು ಸಲ ನೋಡಬೇಕು. ನನಗೆ ಮಗಳು ಹುಟ್ಟಿದರೆ ಅವಳಿಗೂ ತೋರಿಸಬೇಕು.

ನೀವು ಸಂಚಾಲಕರು, ನಿಮ್ಮ ಮಾತು ಯಾರೂ ಮೀರುವುದಿಲ್ಲ. ಒಂದು ಮಾತು ಹೇಳಿದರೆ ಆಯಿತು.

ನಿಮ್ಮ ಅಂಗಡಿಯ ಬೆಂಚಿನ ಮೇಲೆ ಬೆಳೆದ,
ಮೆಣಸು


ಕನ್ನಡಕದ ಅಂಗಡಿ
ಜೂನ್ 11, 1977

ಮೆಣಸಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ಅತ್ತೆ ಕಣ್ಣೊರೆಸಿಕೊಂಡಳು. ನಾನು ಕನ್ನಡಕ ಒರೆಸಿಕೊಂಡೆ. ಎರಡೂ ಒಂದೇ ಅಂದುಕೊಳ್ಳಬೇಡ, ಅಂಗಡಿಯಲ್ಲಿ ಧೂಳಿತ್ತು.

ಬಳಗ ಶುರುವಾದ ದಿನ ಗೋಡೆಗೆ ಬರೆದು ಅಂಟಿಸಿದ ಮಾತು ನಿನಗೆ ಗೊತ್ತು. ಅಕ್ಷರ ಕಲಿತದ್ದೇ ನೀನು ಅದನ್ನು ಓದಿಕೊಂಡು. ಕಣ್ಣೀರಿಗೆ ಅಂಕವಿಲ್ಲ. ನಮ್ಮವರು ನಟಿಸಿದ್ದಾರೆ, ನಮ್ಮೂರಲ್ಲಿ ತೆಗೆದದ್ದು, ಮದುವೆಯಾದ ವಾರ ನೋಡಿದ್ದು ಎಂದೆಲ್ಲ ಶುರು ಮಾಡಿದರೆ ಅದು ಪಟ್ಟಿಯಾಗುವುದಿಲ್ಲ, ನೆಂಟರಿಷ್ಟರ ಸಭೆಯಾಗುತ್ತದೆ. ನಮ್ಮ ಬಳಗದ ಹಲ್ಲಿನ ಡಾಕ್ಟರು ತಮ್ಮ ಸ್ವಂತ ಚಿಕ್ಕಪ್ಪ ಕಥೆ ಬರೆದ ಚಿತ್ರಕ್ಕೆ ಕೊನೆಯ ಸ್ಥಾನ ಕೊಟ್ಟವರು. ಅವರ ಮುಂದೆ ನಾನು ಯಾವ ಬಾಯಲ್ಲಿ ಕೇಳಲಿ?

ಅದೂ ಅಲ್ಲದೆ "ಅರ್ಧ ಸಂಬಳ" ಚಿತ್ರವೇ ಅಲ್ಲ ಕಣೇ. ನಾಯಕಿಗೆ ಜ್ವರ ಬಂದಷ್ಟೂ ಹಾಡು ಉದ್ದವಾಗುತ್ತದೆ. ಖಳನಾಯಕ ಬಾಗಿಲು ತೆರೆದಾಗಲೆಲ್ಲ ಕೆಮ್ಮುತ್ತಾನೆ, ಪ್ರೇಕ್ಷಕರಿಗೆ ತಿಳಿಯದೆ ಹೋದೀತು ಅಂತ. ನಿನಗೆ ಇನ್ನೊಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ನಿಮ್ಮಮ್ಮ ಅದರಲ್ಲಿ ಇಲ್ಲ. ಅವಳು ಮನೆಯಲ್ಲಿ ಹೇಳದೆ ಆ ಕಂಪನಿಗೆ ಹೋಗಿ ಬಂದಳು. ಯಾವ ದೃಶ್ಯ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಿತ್ರ ಬಂದಾಗ ಹೋಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದೇ ಮುಖ ಹುಡುಕಿದೆ. ಕಾಣಲಿಲ್ಲ. ಕತ್ತರಿಗೆ ಹೋಗಿರಬೇಕು.

ಹತ್ತನೆಯ ಸ್ಥಾನ "ಹೊಗೆಯ ನೆರಳಿ"ಗೆ. ಅದರಲ್ಲಿ ಯಾರಿಗೂ ಎರಡು ಮಾತಿಲ್ಲ. ಆ ಗೇಟಿನ ದೃಶ್ಯ ಒಂದೇ ಸಾಕು. ಗಿರಣಿಯ ಸಂಜೆ ಪಾಳಿ ಬಿಟ್ಟಿದೆ. ಹೆಂಗಸರ ಗುಂಪು ಗೇಟು ದಾಟಿ ನಮ್ಮ ಕಡೆಗೇ ನುಗ್ಗಿ ಬರುತ್ತಿದೆ. ತಲೆಗೆ ಬಟ್ಟೆ ಕಟ್ಟಿದ ಒಬ್ಬಳು ಮಾತ್ರ ನಿಲ್ಲುತ್ತಾಳೆ, ತಿರುಗುತ್ತಾಳೆ, ಅಷ್ಟು ಜನಕ್ಕೂ ಎದುರಾಗಿ ಭುಜ ಮುಂದೆ ಮಾಡಿಕೊಂಡು ವಾಪಸು ಹೋಗಿ, ಎಲ್ಲರೂ ತೆರೆದು ಬಿಟ್ಟುಬಂದ ಗೇಟನ್ನು ಎಳೆದು ಚಿಲಕ ಹಾಕುತ್ತಾಳೆ. ಬಿತ್ತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುತ್ತಾಳೆ. ಮಾರನೇ ದಿನದಿಂದ ಮುಷ್ಕರ. ಆ ಗೇಟು ತನಗೆ ಇನ್ನು ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಹಾಕುತ್ತಾಳೆ. ಇಡೀ ದಶಕದಲ್ಲಿ ಇಂಥ ಇನ್ನೊಂದು ದೃಶ್ಯವಿಲ್ಲ. ಅದನ್ನು ಸುಟ್ಟು, ಜ್ವರದ ಹಾಡನ್ನು ಉಳಿಸು ಅನ್ನುತ್ತೀಯಾ?

ನಿನ್ನ ಕೆಮ್ಮು ಹೇಗಿದೆ ಎಂದು ಅತ್ತೆ ಕೇಳುತ್ತಿದ್ದಾಳೆ.

ಮಾವ


ಆಸ್ಪತ್ರೆಯ ವಸತಿಗೃಹ
ಜೂನ್ 19, 1977

ಮಾವನವರಿಗೆ,

ಕೆಮ್ಮು ಹೋಗಿದೆ. ಸಿಟ್ಟು ಹೋಗಿಲ್ಲ.

ಗೇಟಿನ ಹೆಂಗಸಿನ ಕಥೆಯನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಬೇರೆ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕ, ನನಗೆ ಅದು. ಯಾರೋ ಕಂಡು ಕೇಳದ ಹೆಂಗಸು ಚಿಲಕ ಹಾಕಿದ್ದಕ್ಕೆ ನೀವು ಕನ್ನಡಕ ಒರೆಸಿಕೊಳ್ಳುತ್ತೀರಿ. ಸ್ವಂತ ತಂಗಿಯ ಮಾತು ಬಂದರೆ ನಿಯಮ ನೆನಪಾಗುತ್ತದೆ. ಅವಳು ಕ್ಯಾಮೆರಾ ಮುಂದೆ ನಿಂತದ್ದು ನಿಮಗೆ ಇವತ್ತಿಗೂ ನಾಚಿಕೆ, ಅದಕ್ಕೇ ಇಲ್ಲ ಅನ್ನುತ್ತೀರಿ. ಅವಳು ಇದ್ದಾಳೋ ಇಲ್ಲವೋ ಎಂದು ಡಬ್ಬಿ ಸುಡುವ ಮೊದಲು ನೋಡುವುದು ಬೇಡವೇ?

ನೀವು ಕೇಳದಿದ್ದರೆ ಬೇಡ. ನನಗೂ ಬಾಯಿದೆ.

ಮೆಣಸು


ಕನ್ನಡಕದ ಅಂಗಡಿ
ಜುಲೈ 3, 1977

ಮೆಣಸಿಗೆ,

ನಿನಗಿರುವ ಬಾಯಿ ಎಂಥದ್ದೆಂದು ನಿನ್ನೆ ಶನಿವಾರ ಗೊತ್ತಾಯಿತು. ಹಲ್ಲಿನ ಡಾಕ್ಟರು ನೀನು ಅವರಿಗೆ ಬರೆದ ಕಾಗದವನ್ನು ಎಲ್ಲರೆದುರು ನನ್ನ ಕೈಗಿಟ್ಟರು. "ಅರ್ಧ ಸಂಬಳದ ಛಾಯಾಗ್ರಹಣ ಅದ್ಭುತವೆಂದು ಮಾವ ಒಳಗೊಳಗೇ ಒಪ್ಪುತ್ತಾರೆ, ಹೊರಗೆ ಹೇಳಲು ಸಂಕೋಚ" ಎಂದು ಬರೆದಿದ್ದೀಯ. ನಾನು ಯಾವತ್ತು ಒಪ್ಪಿದೆ? ಡ್ರಿಲ್ ಮಾಸ್ತರರಿಗೂ ಅದೇ ಸುಳ್ಳು ಹೋಗಿದೆ. ಅವರಂತೂ ನಿವೃತ್ತರಾದ ಮೇಲೂ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಇರುವವರು. "ಸಂಚಾಲಕರೇ, ಬೇಲೀನೇ ಹೊಲ ಮೇಯ್ತಾ ಇದೆಯಲ್ಲ" ಎಂದರು. ತಲೆ ತಗ್ಗಿಸಿ ಕೂತೆ. ಆ ಕೋಣೆಯಲ್ಲಿ ನಾನು ಯಾವತ್ತೂ ಹಾಗೆ ಕೂತಿರಲಿಲ್ಲ.

ಪಟ್ಟಿ ಮುಗಿದಿದೆ. "ಹೊಗೆಯ ನೆರಳು" ಹತ್ತು, "ಅರ್ಧ ಸಂಬಳ" ಹನ್ನೊಂದು. ಹೌದು, ಹನ್ನೊಂದು. ನಿನ್ನ ಸುಳ್ಳು ಅಷ್ಟು ಕೆಲಸ ಮಾಡಿದೆ. ಪಟ್ಟಿಗೆ ಎಲ್ಲರೂ ಸಹಿ ಹಾಕಿ ಭಂಡಾರಕ್ಕೆ ಕಳಿಸಿದ್ದೇವೆ. ಸಹಿಯಾದ ಪಟ್ಟಿಯನ್ನು ತಿದ್ದಬೇಕಾದರೆ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಇಲ್ಲ. ಆ ನಿಯಮ ಮಾಡಿದವನು ನಾನೇ. ಇನ್ನು ಆ ವಿಷಯ ಎತ್ತಬೇಡ.

ಮಾವ


ಆಸ್ಪತ್ರೆಯ ವಸತಿಗೃಹ
ಆಗಸ್ಟ್ 1, 1977

ಮಾವ,

ಒಂದು ತಿಂಗಳು ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ಆದರೆ ಈ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ, ದಮ್ಮಯ್ಯ ಅಂತೀನಿ.

ಪಟ್ಟಿಯ ಹತ್ತೂ ಚಿತ್ರಗಳ ಡಬ್ಬಿ ತೆರೆಯುವಾಗ ಬಳಗದ ಪರವಾಗಿ ಒಬ್ಬರು ಇರಬೇಕೆಂದು ಭಂಡಾರದವರು ಹೇಳಿದರು. ಹತ್ತಿರದಲ್ಲಿರುವವಳು ನಾನೇ, ರಜೆ ಹಾಕಿ ಹೋದೆ. ಕಿಟಕಿಯಿಲ್ಲದ ಸಣ್ಣ ಕೋಣೆ, ಗೋಡೆಗೆ ಮರಳಿನ ಬಕೆಟ್ಟುಗಳು. ಯಜಮಾನರು ರೀಲನ್ನು ಮೇಜಿನ ಮೇಲಿನ ಯಂತ್ರಕ್ಕೆ ಹಾಕಿ ಕೈಯಿಂದಲೇ ತಿರುಗಿಸುತ್ತಾರೆ, ಪುಟ್ಟ ಗಾಜಿನಲ್ಲಿ ಚಿತ್ರ ಓಡುತ್ತದೆ. "ಹೊಗೆಯ ನೆರಳು" ಮೊದಲಿಂದ ಕೊನೆಯವರೆಗೆ ನೋಡಿದೆ. ಗಿರಣಿ ಇದೆ, ಗೇಟಿದೆ, ಮುಷ್ಕರವಿದೆ. ಹೆಂಗಸರು ಹೊರಗೆ ಬರುತ್ತಾರೆ, ನಾಯಕ ಭಾಷಣ ಮಾಡುತ್ತಾನೆ. ಯಾರೂ ವಾಪಸು ಹೋಗುವುದಿಲ್ಲ ಮಾವ. ಯಾರೂ ಚಿಲಕ ಹಾಕುವುದಿಲ್ಲ. ಎಲ್ಲೋ ತುಂಡಾಗಿದೆಯೇನೋ ಎಂದು ಯಜಮಾನರ ಕೈಯಲ್ಲಿ ಫಿಲ್ಮು ಸೇರಿಸಿದ ಅಂಟುಗಳನ್ನೆಲ್ಲ ನೋಡಿಸಿದೆ. ಎಲ್ಲೂ ತುಂಡಾಗಿಲ್ಲ.

ಆಮೇಲೆ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು "ಅರ್ಧ ಸಂಬಳ" ಹಾಕಿಸಿದೆ. ಸುಡುವ ಮೊದಲು ಒಂದು ಸಲ ಎಂದು. ಎರಡನೆಯ ರೀಲಿನಲ್ಲಿ ಅದೇ ಗೇಟು ಬಂತು. ಕಂಪನಿ ಒಂದೇ, ವರ್ಷ ಒಂದೇ, ಸೆಟ್ಟೂ ಒಂದೇ. ಗುಂಪು ನುಗ್ಗಿ ಬಂತು. ತಲೆಗೆ ಬಟ್ಟೆ ಕಟ್ಟಿದವಳು ನಿಂತಳು, ತಿರುಗಿದಳು, ಭುಜ ಮುಂದೆ ಮಾಡಿಕೊಂಡು ವಾಪಸು ಹೋದಳು. ಎರಡು ಸಲ ಎಳೆದು ನೋಡಿದಳು.

ಆಗ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುತ್ತಿದ್ದರು ಎಂದು ನೀವೇ ಹೇಳಿದ್ದೀರಿ. ನಿಮ್ಮ ತಲೆಯಲ್ಲಿ ಒಂದರ ದೃಶ್ಯ ಇನ್ನೊಂದರೊಳಗೆ ಹೋಗಿ ಕೂತಿದೆ. ನೀವು ಪ್ರತಿ ಶನಿವಾರ ಹೇಳಿ ಹೇಳಿ ಉಳಿದವರಿಗೂ ಅದು ಕಣ್ಣಿಗೆ ಕಟ್ಟಿದೆ. ದಶಕದ ಅತಿ ದೊಡ್ಡ ದೃಶ್ಯ ಎಂದು ಯಾವುದನ್ನು ಉಳಿಸಲು ಹೊರಟಿರೋ ಅದನ್ನೇ ಸುಡಲು ಸಹಿ ಹಾಕಿದ್ದೀರಿ. ಇಪ್ಪತ್ತೇಳಕ್ಕೆ ಲಾರಿ ಬರುತ್ತದೆ.

ಬೇಗ ಬನ್ನಿ.

ಮೆಣಸು


ಕನ್ನಡಕದ ಅಂಗಡಿ
ಆಗಸ್ಟ್ 6, 1977

ಮೆಣಸಿಗೆ,

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ನಿನ್ನ ಹುಟ್ಟುಗುಣ. ಕಣ್ಣೀರಿಟ್ಟು ನೋಡಿದೆ, ಆಗಲಿಲ್ಲ. ಡಾಕ್ಟರಿಗೆ ಸುಳ್ಳು ಬರೆದೆ, ಆಗಲಿಲ್ಲ. ಈಗ ನನ್ನ ನೆನಪಿಗೇ ಕೈ ಹಾಕಿದ್ದೀಯ.

ಆ ದೃಶ್ಯ ನೋಡಿದಾಗ ನನಗೆ ಇಪ್ಪತ್ತೆಂಟು. ಎಲ್ಲಿ ಕೂತಿದ್ದೆ, ಮುಂದಿನವನ ತಲೆ ಎಷ್ಟು ಅಡ್ಡ ಬಂದಿತ್ತು, ಎಲ್ಲ ಹೇಳಬಲ್ಲೆ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನಿಗೆ ನೀನು ಕಣ್ಣು ಸರಿಯಿಲ್ಲ ಅನ್ನುತ್ತಿದ್ದೀಯ. ನಾನೊಬ್ಬನೇ ಅಲ್ಲ, ಡ್ರಿಲ್ ಮಾಸ್ತರರು, ಡಾಕ್ಟರು, ಎಲ್ಲರೂ ನೋಡಿದ್ದೇವೆ. ಅಷ್ಟೂ ಜನ ಒಟ್ಟಿಗೆ ಕನಸು ಕಂಡೆವೇ? ಇವತ್ತು ದೃಶ್ಯವನ್ನು "ಅರ್ಧ ಸಂಬಳ"ಕ್ಕೆ ಸಾಗಿಸಿದ್ದೀಯ. ನಾಳೆ ಆ ಚಿಲಕ ಹಾಕಿದವಳೇ ನಮ್ಮಮ್ಮ ಅಂತಲೂ ಹೇಳುವವಳೇ ನೀನು.

ಅಂಗಡಿ ಬಿಟ್ಟು ಬರಲು ಆಗುವುದಿಲ್ಲ.

ಮಾವ


ಆಸ್ಪತ್ರೆಯ ವಸತಿಗೃಹ
ಆಗಸ್ಟ್ 9, 1977

ಮಾವ,

ಆ ಮಾತು ನಾನು ಹೇಳಲಿಲ್ಲ. ನೀವು ಹೇಳಿದಿರಿ.

ನೋಡಿದಾಗ ನನಗೂ ಹಾಗೇ ಅನ್ನಿಸಿತು, ಆದರೆ ಬರೆಯಲಿಲ್ಲ. ನನ್ನ ಹತ್ತಿರ ಇರುವುದು ಕೂತಿರುವ ಒಂದು ಫೋಟೋ. ನಡೆಯುವ ಹೆಂಗಸನ್ನು ಅದರ ಪಕ್ಕ ಇಟ್ಟು ಇವಳೇ ಅವಳು ಎಂದು ಹೇಳುವುದು ನನ್ನ ಕೈಲಾಗದು. ಹೇಳಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ ಉಳಿದಿದ್ದೀರಿ.

ನನ್ನನ್ನು ನಂಬಬೇಡಿ. ನಂಬಿಕೆ ಕಳೆದುಕೊಂಡವಳು ನಾನೇ, ಯಾರ ಮೇಲೂ ದೂರಿಲ್ಲ. ಬಂದು ನೋಡಿ, ನಾನು ಸುಳ್ಳಿ ಎಂದಾದರೆ ನನ್ನ ಮುಖಕ್ಕೇ ಹೇಳಿ ಹೋಗಿ.

ಮೆಣಸು


ಆಗಸ್ಟ್ 12

ಮೆಣಸೂ,

ನಿನ್ನ ಅತ್ತೆ ಬರೀತಾ ಇರೋದು. ಇವರು ಈಗ ತಾನೇ ಬಸ್ಸಿಗೆ ಹೊರಟ್ರು. ನಿನ್ನ ಕಾಗದ ಬಂದಾಗಿಂದ ಊಟ ಸೇರ್ತಿಲ್ಲ. ನಿನ್ನೆ ಅಂಗಡೀಲಿ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟು ಕಳಿಸಿದ್ದಾರೆ. ಆ ಪುಣ್ಯಾತ್ಮ ಮೆಟ್ಟಿಲು ಅಂತ ಚರಂಡೀಲಿ ಕಾಲಿಟ್ಟು ಬಂದು ಬಾಯಿಗೆ ಬಂದಂಗೆ ಬೈದ. ಇವರು ಸುಮ್ನೆ ಕೇಳಿಸ್ಕೊಂಡು ನಿಂತಿದ್ರು, ಪಾಪ ಅನ್ನಿಸ್ತು.

"ಆ ಹುಡುಗಿ ಹೇಳಿದ್ದು ಸುಳ್ಳಾದ್ರೆ ಏನ್ ಮಾಡ್ತೀರಿ" ಅಂದೆ. "ಸುಳ್ಳಾದ್ರೆ ಬೈದು ಬರ್ತೀನಿ" ಅಂದ್ರು. "ನಿಜ ಆದ್ರೆ?" ಅಂದೆ. ಚೀಲ ಎತ್ಕೊಂಡು ಹೊರಟೇಬಿಟ್ರು.

ಅವರ ಜತೆ ಜಗಳ ಆಡ್ಬೇಡ. ಮಾತ್ರೆ ಎಡಗಡೆ ಜೇಬಲ್ಲಿದೆ.

ಅತ್ತೆ


ಶನಿವಾರದ ಬಳಗದ ಎಲ್ಲ ಸದಸ್ಯರಿಗೆ ಸಂಚಾಲಕರ ಸುತ್ತೋಲೆ
ಆಗಸ್ಟ್ 15, 1977

ಮಾನ್ಯರೇ,

ಮೊನ್ನೆ ಚಿತ್ರಭಂಡಾರದಲ್ಲಿ ಎರಡೂ ಚಿತ್ರಗಳನ್ನು ಖುದ್ದು ನೋಡಿದ್ದೇನೆ. ನಾವೆಲ್ಲ "ಹೊಗೆಯ ನೆರಳಿ"ಗೆ ಹತ್ತನೆಯ ಸ್ಥಾನ ಕೊಟ್ಟದ್ದು ಗೇಟಿನ ದೃಶ್ಯಕ್ಕಾಗಿ. ಆ ದೃಶ್ಯ ಅದರಲ್ಲಿ ಇಲ್ಲ. ಅದು ಇರುವುದು "ಅರ್ಧ ಸಂಬಳ"ದಲ್ಲಿ. ತಪ್ಪು ನನ್ನದು. ನಿಮ್ಮ ನೆನಪಿನೊಳಗೆ ಅದನ್ನು ತಂದಿಟ್ಟವನೂ ನಾನೇ. ಆದ್ದರಿಂದ ಹತ್ತು ಮತ್ತು ಹನ್ನೊಂದನೆಯ ಸ್ಥಾನಗಳನ್ನು ಅದಲುಬದಲು ಮಾಡಲು ತಮ್ಮೆಲ್ಲರ ಒಪ್ಪಿಗೆ ಬೇಡುತ್ತೇನೆ. ಇಪ್ಪತ್ತೈದರೊಳಗೆ ಉತ್ತರ ತಲುಪಬೇಕು.

ಇನ್ನೊಂದು ವಿಷಯವನ್ನು ಮುಚ್ಚಿಟ್ಟು ನಾನು ಮತ ಕೇಳುವಂತಿಲ್ಲ. ಆ ಹೆಂಗಸು ನನ್ನ ತಂಗಿ.

ಯಜಮಾನರು ಮೊದಲ ಸಲ ತಿರುಗಿಸಿದಾಗ ಗೊತ್ತಾಗಲಿಲ್ಲ. ಎರಡನೆಯ ಸಲ ಅವಳು ಚಿಲಕ ಎಳೆದಾಗ ನಾನು ಕುರ್ಚಿಯಿಂದ ಎದ್ದೆ. ಅವಳು ಮನೆಯಿಂದ ಹೊರಟು ಬೀದಿಯ ತಿರುವಿನವರೆಗೆ ಹೋದವಳು ಮತ್ತೆ ಬಂದು ಎಡಗೈಯಲ್ಲಿ ಎರಡು ಸಲ ಚಿಲಕ ಎಳೆದು ನೋಡುತ್ತಿದ್ದಳು. "ಒಳಗೆ ಏನು ನಿಧಿ ಇದೆ ಅಂತ ಬೀಗ ನೋಡ್ತೀಯೇ" ಎಂದು ದಿನವೂ ರೇಗಿಸುತ್ತಿದ್ದೆ. ಚಿತ್ರೀಕರಣದಲ್ಲಿ ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಾರರು. ಅಭ್ಯಾಸ ಬಲದಿಂದ ತಿರುಗಿದ್ದಾಳೆ, ಕ್ಯಾಮೆರಾ ಅವಳ ಹಿಂದೆ ಹೋಗಿದೆ. ಚಿಲಕ ಹಾಕಿ ತಿರುಗುವಾಗ ಅರ್ಧ ಮುಖ ಕಾಣುತ್ತದೆ, ಅಷ್ಟರಲ್ಲಿ ದೃಶ್ಯ ಮುಗಿಯುತ್ತದೆ. ಅವತ್ತು ನಾನು ನಮ್ಮ ಕಡೆ ಬರುತ್ತಿದ್ದ ಮುಖಗಳನ್ನು ಹುಡುಕುತ್ತಿದ್ದೆ, ಹೋಗುತ್ತಿದ್ದವಳ ಬೆನ್ನನ್ನು ಬರೀ ಮೆಚ್ಚಿಕೊಂಡೆ.

ಕಣ್ಣೀರಿಗೆ ಅಂಕವಿಲ್ಲ. ಅದು ನನಗೂ ಅನ್ವಯಿಸುತ್ತದೆ. ದೃಶ್ಯಕ್ಕೆ ಮಾತ್ರ ಅಂಕ ಕೊಡಿ ಎಂದು ಕೇಳುತ್ತಿದ್ದೇನೆ.

ತಮ್ಮ ವಿಧೇಯ,
ಸಂಚಾಲಕ


ಆಗಸ್ಟ್ 20, 1977

ಮಾನ್ಯ ಸಂಚಾಲಕರೇ,

ಉಳಿದವರೆಲ್ಲ ಒಪ್ಪಿದ್ದಾರೆಂದು ಡಾಕ್ಟರು ಹೇಳಿದರು. ನಾನು ಒಪ್ಪುವುದಿಲ್ಲ.

ಗೇಟಿನ ದೃಶ್ಯವನ್ನು ನಾನು ಈ ಎರಡು ಕಣ್ಣುಗಳಿಂದ "ಹೊಗೆಯ ನೆರಳಿ"ನಲ್ಲಿ ನೋಡಿದ್ದೇನೆ. ಚಿಲಕದ ಸದ್ದಿಗೆ ನನ್ನ ಪಕ್ಕದವನು ಬೆಚ್ಚಿದ್ದೂ ನೆನಪಿದೆ. ನಿನ್ನೆ ನನ್ನ ಮನೆಗೆ ಬಂದು, "ನನ್ನ ಜತೆ ಒಂದ್ಸಲ ಬಂದು ನೋಡಿ ಮಾಸ್ತರೇ" ಎಂದು ಕೈ ಹಿಡಿದುಕೊಂಡಿರಿ. ಕಂಡದ್ದನ್ನು ಮತ್ತೆ ಕಾಣಲು ನಾನೇಕೆ ಬರಲಿ? ಡಾಕ್ಟರಿಗೆ ಸುಳ್ಳು ಬರೆದ ಹುಡುಗಿ ಅದೇ ಊರಿನಲ್ಲಿದ್ದಾಳೆ, ಅದೇ ಭಂಡಾರಕ್ಕೆ ಹೋಗಿ ಬರುತ್ತಾಳೆ. ರೀಲಿನ ತುಂಡುಗಳನ್ನು ಅತ್ತಿತ್ತ ಅಂಟಿಸುವುದು ಕಷ್ಟದ ಕೆಲಸವಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನನಗೂ ಸತ್ತುಹೋದ ತಂಗಿ ಇದ್ದಾಳೆ. ಆದರೆ ಕಣ್ಣೀರಿಗೆ ಅಂಕವಿಲ್ಲ ಎಂದು ನನಗೆ ಕಲಿಸಿದವರು ನೀವು. ನೀವು ಮರೆತರೂ ನಾನು ಮರೆಯುವುದಿಲ್ಲ.

ಡ್ರಿಲ್ ಮಾಸ್ತರ


ಆಸ್ಪತ್ರೆಯ ವಸತಿಗೃಹ
ಆಗಸ್ಟ್ 28, 1977

ಮಾವ,

ಎಲ್ಲ ಮುಗಿಯಿತು.

ಇಪ್ಪತ್ನಾಲ್ಕಕ್ಕೆ ನಿಮ್ಮ ತಂತಿ ಭಂಡಾರಕ್ಕೆ ಬಂತು. "ಎಲ್ಲರೂ ಒಪ್ಪಿದ್ದಾರೆ. ಅರ್ಧ ಸಂಬಳ ಉಳಿಸಿ." ಯಜಮಾನರು ನನಗೆ ಫೋನು ಮಾಡಿ ಹೇಳಿದಾಗ ಎಕ್ಸ್‌ರೇ ಕೋಣೆಯಲ್ಲಿದ್ದೆ. ಕೈ ಮುರಿದುಕೊಂಡು ಬಂದಿದ್ದ ಹುಡುಗಿಯ ಎದುರೇ ನಕ್ಕುಬಿಟ್ಟೆ, ಅವಳ ಅಮ್ಮ ಗದರಿಸಿದಳು. ಡ್ರಿಲ್ ಮಾಸ್ತರರು ಮೆತ್ತಗಾದರು ಎಂದುಕೊಂಡೆ.

ಮಾರನೇ ದಿನ ಮತ್ತೆ ಕರೆಸಿದರು. ಮೇಜಿನ ಮೇಲೆ ನಿಮ್ಮ ತಂತಿ. ಅದರ ಪಕ್ಕ ಡ್ರಿಲ್ ಮಾಸ್ತರರ ರಿಜಿಸ್ಟರ್ಡ್ ಕಾಗದ: ನಾನು ಒಪ್ಪಿಲ್ಲ, ಒಪ್ಪಿದ್ದೇನೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಯಜಮಾನರು ನನ್ನ ಮುಖ ನೋಡಿ, "ಎರಡರಲ್ಲಿ ಯಾವುದನ್ನ ನಂಬಲಮ್ಮ?" ಎಂದರು. ನಿಮ್ಮ ತಂತಿಯನ್ನೇ ನಂಬಿ ಅನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. ನಾನು ಮೊದಲು ಹೇಳಿದ್ದ ಸುಳ್ಳು ಊರೆಲ್ಲ ಸುತ್ತಿ ಬಂದು ಆ ಮೇಜಿನ ಮೇಲೆ ಕೂತಿತ್ತು. ಸಹಿಯಾದ ಹಳೆಯ ಪಟ್ಟಿಯಂತೆಯೇ ಮಾಡುತ್ತೇನೆ, ನನ್ನ ಕೆಲಸ ಹೋದೀತು ಎಂದರು. ಆ ಗೇಟಿನ ತುಂಡೊಂದನ್ನಾದರೂ ಕತ್ತರಿಸಿ ಕೊಡಿ ಎಂದು ಅಂಗಲಾಚಿದೆ. ಅಷ್ಟರಲ್ಲಿ ಅಗ್ನಿಶಾಮಕದವರು ಡಬ್ಬಿಗಳನ್ನು ಎಣಿಸಿ ಮುದ್ರೆ ಒತ್ತಿದ್ದರು.

ನಿನ್ನೆ ಲಾರಿಯ ಹಿಂದೆ ನಾನೂ ಹೋದೆ. ಕಲ್ಲು ತೆಗೆದು ಬಿಟ್ಟ ಗುಂಡಿ. ಆ ಫಿಲ್ಮಿಗೆ ಬೆಂಕಿ ಬಿದ್ದರೆ ನೀರು ಹಾಕಿದರೂ ಆರುವುದಿಲ್ಲವಂತೆ, ಅದಕ್ಕೆ ಯಾರೂ ನೀರು ತಂದಿರಲಿಲ್ಲ. ಯಾವ ಡಬ್ಬಿ ಯಾವುದು ಎಂದು ತಿಳಿಯಲಿಲ್ಲ. ನನಗೆ ತಡೆಯಲಾಗಲಿಲ್ಲ ಮಾವ, ಅಷ್ಟು ಗಂಡಸರ ನಡುವೆ ಜೋರಾಗಿ ಅತ್ತುಬಿಟ್ಟೆ.

ಒಂದು ಮಾತು ಹೇಳಬೇಕು. ನೀವು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಬರೆದಿರಿ, ಅದು ಅಮ್ಮನಿಗಾಗಿ. ನಿಮಗೆ ಅವಳ ಬಗ್ಗೆ ನಾಚಿಕೆ ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದುಹಾಕಿ.

ಮೆಣಸು


ಕನ್ನಡಕದ ಅಂಗಡಿ
ನವೆಂಬರ್ 20, 1977

ಪ್ರೀತಿಯ ಮೆಣಸಿಗೆ,

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ನಿನ್ನ ಕಾಗದ ಮಾತ್ರ ಜೇಬಿನಲ್ಲೇ ಇದೆ. ಶನಿವಾರದ ಸಭೆಗೂ ಕೆಲವು ವಾರ ಹೋಗಲಿಲ್ಲ. ನಮ್ಮ ಕೋಣೆಯಲ್ಲೇ ಸೇರುತ್ತಾರೆ, ನಾನು ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ನಿನ್ನ ಅತ್ತೆ ಎರಡೂ ಕಡೆ ಕಾಫಿ ಕೊಟ್ಟಳು.

ಭಂಡಾರದಿಂದ "ಹೊಗೆಯ ನೆರಳಿ"ನ ಹೊಸ ನಕಲು ಬಂದಿತ್ತು. ಡ್ರಿಲ್ ಮಾಸ್ತರರು ತಮ್ಮ ಹಳೆಯ ಶಾಲೆಯ ಸಭಾಂಗಣದಲ್ಲಿ ನಿನ್ನೆ ಮಧ್ಯಾಹ್ನ ಪ್ರದರ್ಶನ ಇಟ್ಟರು. ನಾನು ಹೋಗುವುದಿಲ್ಲ ಎಂದೆ. ಡಾಕ್ಟರು ಬಂದು ಎಳೆದುಕೊಂಡು ಹೋದರು. ಹಾಲು ತುಂಬಿತ್ತು, ಹೆಚ್ಚಿನವರು ಹದಿನೆಂಟು ಇಪ್ಪತ್ತರವರು.

ಚಿತ್ರ ಚೆನ್ನಾಗಿದೆ ಕಣೇ. ಅದನ್ನು ಉಳಿಸಿದ್ದೂ ತಪ್ಪಲ್ಲ. ಗೇಟು ಬಂತು, ಹೆಂಗಸರು ಹೊರಗೆ ಬಂದರು, ನಾಯಕ ಭಾಷಣ ಶುರು ಮಾಡಿದ. ಹಿಂದಿನಿಂದ ಸೀಟಿ ಊದಿದ ಸದ್ದು. "ನಿಲ್ಸಿ! ನಿಲ್ಸಿ! ಕತ್ತರಿಸಿದ್ದಾರೆ! ಮುಖ್ಯವಾದದ್ದನ್ನೇ ಕತ್ತರಿಸಿದ್ದಾರೆ!" ಡ್ರಿಲ್ ಮಾಸ್ತರರು ದೀಪ ಹಾಕಿಸಿಯೇ ಬಿಟ್ಟರು. ನನ್ನ ಕಡೆ ನೋಡಲಿಲ್ಲ. "ಮಕ್ಕಳೇ, ಇಲ್ಲಿ ಒಂದು ದೃಶ್ಯ ಇತ್ತು, ನಾನು ಹೇಳ್ತೀನಿ ಕೇಳಿ" ಎಂದು ಹಿಂದಿನ ಸಾಲಿನಿಂದ ನಡುವಿನ ದಾರಿಗೆ ಬಂದರು. ಹುಡುಗರಲ್ಲಿ ಒಂದಷ್ಟು ಜನರನ್ನು ಎಬ್ಬಿಸಿ, ನೀವು ಪಾಳಿ ಮುಗಿಸಿ ಬರುವವರು, ಮುಂದೆ ಬನ್ನಿ ಎಂದರು. ಅವರು ನಗುತ್ತಾ ಬಂದರು.

ಆಮೇಲೆ ಮಾಸ್ತರರು ನಿಂತರು, ತಿರುಗಿದರು. ಹೆಗಲ ಮೇಲಿದ್ದ ವಸ್ತ್ರವನ್ನು ತಲೆಗೆ ಕಟ್ಟಿಕೊಂಡರು. ಭುಜ ಮುಂದೆ ಮಾಡಿ ಆ ಹುಡುಗರ ನಡುವೆ ದಾರಿ ಮಾಡಿಕೊಂಡು ಹಾಲಿನ ಬಾಗಿಲವರೆಗೆ ಹೋದರು. ಬಾಗಿಲು ಎಳೆದು ಚಿಲಕ ಹಾಕಿದರು. ಎರಡು ಸಲ ಎಳೆದು ನೋಡಿದರು. ಎಡಗೈಯಲ್ಲಿ. ಎಡಗೈ ಎಂದು ಈ ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ, ನನಗೇ ನೆನಪಿರಲಿಲ್ಲ. ಆಗಸ್ಟಿನ ಸುತ್ತೋಲೆಯಲ್ಲಿ ಮಾತ್ರ ಬರೆದಿದ್ದೆ. ಒಪ್ಪದ ಮನುಷ್ಯ ಅದನ್ನು ಎಷ್ಟು ಸಲ ಓದಿದ್ದರೋ.

ನಗುತ್ತಿದ್ದ ಹುಡುಗರೂ ನಿಂತಲ್ಲೇ ನಿಂತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಆ ಹೆಂಗಸು ಯಾರು?" ಎಂದು ಕೇಳಿದಳು. ಮಾಸ್ತರರು ಬಾಗಿಲ ಹತ್ತಿರ ನಮಗೆ ಬೆನ್ನು ಹಾಕಿಯೇ ನಿಂತಿದ್ದರು. ತಿರುಗದೆಯೇ, "ಸಂಚಾಲಕರು ಇದ್ದಾರೆ, ಅವರನ್ನ ಕೇಳಿ" ಎಂದರು.

ಎದ್ದು ನಿಂತೆ. "ನನ್ನ ತಂಗಿ" ಎಂದೆ. ಇನ್ನೂ ಹೇಳಿ ಎನ್ನುವ ಹಾಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ದೃಶ್ಯವನ್ನು ಸಿಕ್ಕವರಿಗೆಲ್ಲ ಹೇಳಿದ ಬಾಯಿ ಇದು, ನಿನ್ನೆ ಒಂದು ಮಾತು ಹೊರಡಲಿಲ್ಲ. ಹಾಗೇ ಕೂತುಕೊಂಡೆ. ಮಾಸ್ತರರು ದೀಪ ಆರಿಸಿ ಎಂದರು, ಚಿತ್ರ ಮುಂದುವರಿಯಿತು.

ನಿನ್ನ ಮಾವ